ಎಂಜಿನ್ ಕೈಕೊಟ್ಟ ಹಳೇ ಕಾರು: ಬಿಚ್ಚಿಸಬೇಕೋ, ಬಿಡಬೇಕೋ?

"ಸರ್, ಎಂಜಿನ್ ಹೋಗಿದೆ." ಗ್ಯಾರೇಜಿನಿಂದ ಬರುವ ಈ ಮಾತಿಗೆ ಒಂದೇ ಅರ್ಥ ಇಲ್ಲ. ಒಂದೆರಡು ಸಾವಿರದ ಕ್ರ್ಯಾಂಕ್ ಸೆನ್ಸರ್ ಸತ್ತಿದ್ದರೂ ಹಾಗೇ ಹೇಳುತ್ತಾರೆ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಎಂಜಿನ್ನಿನ ಬ್ಲಾಕನ್ನೇ ಒಡೆದುಕೊಂಡು ಹೊರಗೆ ಬಂದಿದ್ದರೂ ಹಾಗೇ ಹೇಳುತ್ತಾರೆ. ಹೀಗಿರುವಾಗ ಕಾರು ಇಟ್ಟುಕೊಳ್ಳುವುದೋ ಮಾರುವುದೋ ಎಂದು ಅದೇ ಫೋನಿನಲ್ಲಿ ತೀರ್ಮಾನಿಸುವುದು ಜೂಜಾಟ. ಮೊದಲು ಏನು ಹೋಗಿದೆ ಎಂದು ಗೊತ್ತಾಗಬೇಕು, ಆಮೇಲೆ ಲೆಕ್ಕ.

ಸ್ಟಾರ್ಟೇ ಆಗದ, ತಿರುಗಲೂ ಒಪ್ಪದ ಎಂಜಿನ್‌ನಿಂದ ಶುರು ಮಾಡೋಣ. 'ಸೀಜ್ ಆಗಿದೆ' ಎನ್ನುವ ಮುಂಚೆ ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಓಡಿಸುವ ಹೊರಗಿನ ಬೆಲ್ಟನ್ನು ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಿಂದ ತಿರುಗಿಸಿ ನೋಡಬೇಕು. ಎಸಿ ಕಂಪ್ರೆಸರ್ ಅಥವಾ ಆಲ್ಟರ್ನೇಟರ್ ಜಾಮ್ ಆಗಿದ್ದರೂ ಎಂಜಿನ್ ಜಾಮ್ ಆದಂತೆಯೇ ಕಾಣುತ್ತದೆ. ಬೆಲ್ಟ್ ತೆಗೆದ ಮೇಲೆ ಎರಡು ಸುತ್ತು ಸಲೀಸಾಗಿ ತಿರುಗಿದರೆ ನಿಮ್ಮ ಖರ್ಚಿನಲ್ಲಿ ಒಂದು ಸೊನ್ನೆ ಉಳಿಯಿತು ಎಂದೇ ಅರ್ಥ. ಮಳೆನೀರಿನಲ್ಲಿ ನಿಂತ ಕಾರಾದರೆ ಮಾತ್ರ ಸ್ಪಾರ್ಕ್ ಪ್ಲಗ್ ಅಥವಾ ಇಂಜೆಕ್ಟರ್‌ಗಳನ್ನು ಬಿಚ್ಚದೆ ತಿರುಗಿಸಲೇಬಾರದು. ಗಾಳಿ ಅದುಮಿಕೊಳ್ಳುತ್ತದೆ, ನೀರು ಅದುಮಿಕೊಳ್ಳುವುದಿಲ್ಲ. ಪಿಸ್ಟನ್ ಮೇಲೆ ನೀರು ತುಂಬಿದ್ದಾಗ ಸ್ಟಾರ್ಟರ್ ಒತ್ತಿದರೆ ಬಗ್ಗುವುದು ಕನೆಕ್ಟಿಂಗ್ ರಾಡ್. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದಾಗ ಎಷ್ಟೋ ಕಾರುಗಳು ಇದೇ ಅಪಾಯಕ್ಕೆ ಸಿಕ್ಕಿದ್ದವು. ನೀರಿನಲ್ಲಿ ನಿಂತ ಕಾರಿಗಿಂತ, ನಿಂತ ಮೇಲೆ ಕೀ ತಿರುಗಿಸಿದ ಕಾರಿಗೇ ಹೆಚ್ಚು ಪೆಟ್ಟು.

ಎಂಜಿನ್ ತಿರುಗುತ್ತದೆ, ಆದರೆ ಹತ್ತುವುದಿಲ್ಲ ಅಥವಾ ಬಲವಿಲ್ಲ ಎಂದಾದರೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆ ಎಂದು ಅಳೆಯುವುದು. ಒಳ್ಳೆಯ ಪೆಟ್ರೋಲ್ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್ 170ರಿಂದ 200 ಪಿಎಸ್‌ಐ ತೋರಿಸುತ್ತದೆ, ಡೀಸೆಲ್‌ನಲ್ಲಿ ಸಾಮಾನ್ಯವಾಗಿ 350ರಿಂದ 450. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಹೆಚ್ಚು ಹೇಳುತ್ತದೆ: ಮೂರು 180 ತೋರಿಸಿ ಒಂದು 90 ತೋರಿಸಿದರೆ ತೊಂದರೆ ಅಲ್ಲಿದೆ. ಪೆಟ್ರೋಲ್ ಎಂಜಿನ್ನಾದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಅಥವಾ ಬೋರ್ (ಪಿಸ್ಟನ್ ಓಡುವ ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪದರ). ಇನ್ನೂ ಖಚಿತ ಬೇಕಿದ್ದರೆ ಲೀಕ್‌ಡೌನ್ ಟೆಸ್ಟ್: ಸಿಲಿಂಡರಿಗೆ ಕಂಪ್ರೆಸರ್ ಗಾಳಿ ಬಿಟ್ಟು ಎಲ್ಲಿಂದ ಸೋರುತ್ತದೆ ಎಂದು ಕಿವಿಗೊಡುವುದು. ಆಯಿಲ್ ಮುಚ್ಚಳದಲ್ಲಿ ಸುಯ್ಯೆಂದರೆ ರಿಂಗ್, ಸೈಲೆನ್ಸರ್‌ನಲ್ಲಾದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆಗಾದರೆ ಇನ್‌ಟೇಕ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು ಬಿಟ್ಟ ಹೆಡ್. ಈ ಪರೀಕ್ಷೆಗಳಿಗೆ ಅರ್ಧ ದಿನ ಸಾಕು. ಇವನ್ನು ಮಾಡದೆ "ಎಂಜಿನ್ ಇಳಿಸಲೇಬೇಕು" ಎನ್ನುವ ಗ್ಯಾರೇಜಿಂದ ಕಾರನ್ನು ಟೋ ಮಾಡಿಸಿಕೊಂಡು ಬರುವುದು ಅಗ್ಗ.

ಯಾವ ಭಾಗ ಹೋಗಿದೆ?

ಎಂಜಿನ್ ಸಾಯುವ ದಾರಿ ಹತ್ತಾರಿದ್ದರೂ ದುಡ್ಡಿನ ಲೆಕ್ಕಕ್ಕೆ ಮೂರು ಗುಂಪು ಸಾಕು.

ಮೊದಲನೆಯದು ಮೇಲ್ಭಾಗದ್ದು, ಗ್ಯಾರೇಜ್ ಭಾಷೆಯಲ್ಲಿ 'ಹೆಡ್ ಕೆಲಸ'. ಇದರ ದೊಡ್ಡ ಕಾರಣ ಬಿಸಿ. ರೇಡಿಯೇಟರಿಗೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ಸುರಿದ ಕಾರುಗಳಲ್ಲಿ ಒಳಗೆ ಪಾಚಿಯಂತೆ ಸುಣ್ಣ ಕಟ್ಟಿಕೊಳ್ಳುತ್ತದೆ, ತುಕ್ಕು ಹಿಡಿಯುತ್ತದೆ, ಥರ್ಮೋಸ್ಟಾಟ್ ಕಚ್ಚಿಕೊಳ್ಳುತ್ತದೆ. ಒಂದು ದಿನ ಘಾಟ್‌ನಲ್ಲಿ ಮುಳ್ಳು ಕೆಂಪಿಗೆ ಏರುತ್ತದೆ. "ಇನ್ನು ಐದು ಕಿಲೋಮೀಟರ್ ತಾನೇ" ಎಂದು ಓಡಿಸಿದರೆ ಅಲ್ಯುಮಿನಿಯಂ ಹೆಡ್ ಬಾಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಹಾಲು ಕಾಫಿಯ ಬಣ್ಣದ ನೊರೆ, ಕಾರಣವಿಲ್ಲದೆ ಇಳಿಯುವ ಕೂಲೆಂಟ್, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಇದರ ಗುರುತು. ಬೆಳಗಿನ ಚಳಿಯಲ್ಲಿ ಎರಡು ನಿಮಿಷ ಬಿಳಿ ಆವಿ ಬಂದರೆ ಹೆದರಬೇಕಿಲ್ಲ. ಕೂಲೆಂಟ್ ಟ್ಯಾಂಕಿನ ಬಾಯಿಗೆ ಹಿಡಿಯುವ ನೀಲಿ ದ್ರವದ ಪರೀಕ್ಷೆಯೂ ಇದೆ. ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತಿದ್ದರೆ ಆ ದ್ರವ ಹಳದಿಗೆ ಅಥವಾ ಹಸಿರಿಗೆ ತಿರುಗುತ್ತದೆ. ಇಲ್ಲಿ ಆಗುವ ತಪ್ಪು ಒಂದೇ: ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚುವುದು. ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಬೇಕು. ಸುಮಾರು 0.05 ಮಿ.ಮೀ.ಗಿಂತ ಹೆಚ್ಚು ಬಾಗಿದ್ದರೆ ಲೇತ್‌ನವರ ಬಳಿ ಸಮ ಮಾಡಿಸಬೇಕು, ಬಿರುಕಿದೆಯೇ ಎಂದು ಪ್ರೆಷರ್ ಹಾಕಿಸಿ ನೋಡಬೇಕು. ಇಲ್ಲವಾದರೆ ಹೊಸ ಗ್ಯಾಸ್ಕೆಟ್ಟೂ ಕೆಲವೇ ತಿಂಗಳಲ್ಲಿ ಹೋಗುತ್ತದೆ.

ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳದಲ್ಲಿಡುವ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಹಲ್ಲು ಜಿಗಿದದ್ದೂ ಇದೇ ಗುಂಪಿಗೆ ಸೇರುತ್ತದೆ. ಈಗಿನ ಬಹುಪಾಲು ಎಂಜಿನ್‌ಗಳಲ್ಲಿ ವಾಲ್ವ್ ಮತ್ತು ಪಿಸ್ಟನ್ ಒಂದೇ ಜಾಗವನ್ನು ಸರದಿಯ ಮೇಲೆ ಬಳಸುತ್ತವೆ. ಸರದಿ ತಪ್ಪಿದರೆ ಡಿಕ್ಕಿ. ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ತಾ, ಪುಂಟೋ ಎಲ್ಲಕ್ಕೂ ಹಾಕಿದ ಫಿಯೆಟ್ ಮೂಲದ 1248 ಸಿಸಿ ಡೀಸೆಲ್ ಚೈನ್ ಮೇಲೆ ಓಡುತ್ತದೆ. 'ಚೈನ್ ಅಂದರೆ ಆಯಸ್ಸಿಗೆಲ್ಲ ಒಂದೇ' ಎಂದು ನಂಬಿ, ಆಯಿಲ್ ಬದಲಿಸುವುದನ್ನು ಮುಂದೂಡಿದ ಕಾರುಗಳಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗಲಗಲ ಸದ್ದು ಕೇಳುತ್ತದೆ. ಅದು ಸಡಿಲಗೊಂಡ ಚೈನಿನ ಎಚ್ಚರಿಕೆ. ಈ ಎಂಜಿನ್‌ನಲ್ಲಿ ಚೈನ್ ಜಿಗಿದಾಗ ಹಲವು ಸಲ ಮೊದಲು ಮುರಿಯುವುದು ರಾಕರ್‌ಗಳು (ವಾಲ್ವ್ ಒತ್ತುವ ಸಣ್ಣ ತೋಳುಗಳು), ವಾಲ್ವ್ ಬಚಾವಾಗುತ್ತದೆ. ಆದ್ದರಿಂದ ವಾಲ್ವ್ ಕವರ್ ತೆಗೆದು ನೋಡುವ ತನಕ ಆಸೆ ಬಿಡಬೇಕಿಲ್ಲ.

ಎರಡನೆಯದು ಸವೆತ. ಕಾರು ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ, ಆಯಿಲ್ ಮುಚ್ಚಳ ತೆಗೆದರೆ ರೈಲು ಎಂಜಿನ್ನಿನಂತೆ ಉಸಿರು ಬಿಡುತ್ತದೆ. ಇದು 'ಬೋರಿಗೆ ಬಂದ' ಎಂಜಿನ್. ಇದರಲ್ಲಿ ಅವಸರವಿಲ್ಲ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಆಯಿಲ್ ಬೇಡುವ ಹಳೇ ಕಾರಿಗೆ ಅರ್ಧ ಲೀಟರ್ ಹಾಕುತ್ತಾ ಒಂದು ವರ್ಷ ಓಡಿಸುವುದು, ಎಮಿಷನ್ ಟೆಸ್ಟ್ ಪಾಸಾಗುವ ತನಕ, ಸಂಪೂರ್ಣ ಸಮಂಜಸ.

ಮೂರನೆಯದು ಕೆಳಭಾಗದ್ದು, ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ರಸ್ತೆಗಳ ವೈಜ್ಞಾನಿಕವಲ್ಲದ ಹಂಪ್ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ (ಸಂಪ್) ಬಡಿದು, ಆಯಿಲ್ ಸೋರಿ, ಕೆಂಪು ದೀಪ ಹತ್ತಿದರೂ ಓಡಿಸಿದಾಗ ಬೇರಿಂಗ್ ಕರಗಿ ಕ್ರ್ಯಾಂಕ್‌ಶಾಫ್ಟ್ ಕೆರೆದುಹೋಗುತ್ತದೆ. ವೇಗದ ಜೊತೆ ಏರುವ, ಆಳದಿಂದ ಬರುವ 'ಟಕ್ ಟಕ್' ಇದರ ಸದ್ದು. ಆಯಿಲ್ ಇಳಿಸಿ ಬಟ್ಟೆಯ ಮೇಲೆ ಸೋಸಿದಾಗ ಕಾಗೆಬಂಗಾರದಂತೆ ಹೊಳೆಯುವ ಪುಡಿ ಕಂಡರೆ ಮೇಲಿನದ್ದನ್ನು ಮಾತ್ರ ಸರಿ ಮಾಡಿ ಉಪಯೋಗವಿಲ್ಲ. ಆ ಪುಡಿ ಆಯಿಲ್ ಕೂಲರ್, ಟರ್ಬೋಗೆ ಹೋಗುವ ಸಣ್ಣ ಪೈಪು, ಆಯಿಲ್ ಪಂಪ್ ಎಲ್ಲೆಡೆ ಕೂತಿರುತ್ತದೆ; ಅವನ್ನು ತೊಳೆಯದೆ ಹೊಸ ಬೇರಿಂಗ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಎಂಜಿನ್ ಕೆಲಸ ಮಾಡಿಸಿದ ಕಾರು ಆರು ತಿಂಗಳಲ್ಲಿ ಮತ್ತೆ ನಿಂತರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ನಾಲ್ಕು ರಿಪೇರಿ, ನಾಲ್ಕು ಅಪಾಯ

ಹೆಡ್ ಕೆಲಸ ಅಗ್ಗದ್ದು. ಫುಲ್ ಎಂಜಿನ್ ಕೆಲಸ ಎಂದರೆ ಬ್ಲಾಕ್ ಅಳೆದು 0.25 ಅಥವಾ 0.50 ಮಿ.ಮೀ. ಬೋರ್ ಮಾಡಿಸಿ ಅದಕ್ಕೆ ತಕ್ಕ ಪಿಸ್ಟನ್ ಹಾಕುವುದು (ಕೆಲವು ಎಂಜಿನ್‌ಗಳಿಗೆ ದಪ್ಪ ಪಿಸ್ಟನ್ ಸಿಗುವುದೇ ಇಲ್ಲ, ಲೈನರ್ ಹಾಕಬೇಕು), ಕ್ರ್ಯಾಂಕ್ ಗ್ರೈಂಡ್, ಬೇರಿಂಗ್, ವಾಲ್ವ್ ಸೀಲ್, ಟೈಮಿಂಗ್ ಕಿಟ್, ಆಯಿಲ್ ಪಂಪ್, ವಾಟರ್ ಪಂಪ್. "ರಿಂಗ್ ಬದಲಿಸಿ ಕೊಡ್ತೀನಿ, ಬೋರ್ ಮುಟ್ಟೋದು ಬೇಡ" ಎನ್ನುವುದು ನಡುವಿನ ದಾರಿ. ಬೋರ್ ಕನ್ನಡಿಯಂತೆ ನುಣುಪಾಗಿದ್ದರೆ ಹೊಸ ರಿಂಗ್ ಅದರ ಮೇಲೆ ಕೂರುವುದೇ ಇಲ್ಲ, ಕನಿಷ್ಠ ಹೋನಿಂಗ್ ಮಾಡಿ ಅಡ್ಡಗೆರೆ ಎಬ್ಬಿಸಬೇಕು.

ಮೂರನೆಯ ದಾರಿ ಕಂಪನಿಯಿಂದ ಬರುವ ಹಾಫ್ ಎಂಜಿನ್, ಅಂದರೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಸೇರಿದ ಸಿದ್ಧ ಕೆಳಭಾಗ. ದುಬಾರಿ, ಆದರೆ ಲೇತ್‌ನವರ ಕೈಗುಣದ ಮೇಲೆ ನಿಂತಿಲ್ಲ. ನಾಲ್ಕನೆಯದು ಗುಜರಿ ಎಂಜಿನ್. ಬೆಂಗಳೂರಿನಲ್ಲಾದರೆ ಶಿವಾಜಿನಗರದ ಕಡೆ ಕೈ ತೋರಿಸುತ್ತಾರೆ; ಹೊಸ ಬಿಡಿಭಾಗಕ್ಕೆ ಜೆ.ಸಿ. ರಸ್ತೆ. ಗುಜರಿ ಎಂಜಿನ್ ಎಷ್ಟು ಓಡಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಅವನು ಕೊಡುವುದು 'ಸ್ಟಾರ್ಟಿಂಗ್ ಗ್ಯಾರಂಟಿ' ಮಾತ್ರ. ಕೊಳ್ಳುವ ಮುಂಚೆ ಸಂಪ್ ಬಿಚ್ಚಿಸಿ ಒಂದು ಬೇರಿಂಗ್ ಕ್ಯಾಪ್ ತೆಗೆಸಿ ನೋಡಿ, ಕಂಪ್ರೆಷನ್ ಅಳೆಸಿ. ಒಂದೇ ಎಂಜಿನ್ ಎಂದು ಕಂಡರೂ ಎರಡಿರಬಹುದು: ಸ್ವಿಫ್ಟ್‌ನ 1248 ಸಿಸಿ ಡೀಸೆಲ್ 75 ಪಿಎಸ್‌ನದ್ದು, ಎರ್ಟಿಗಾ, ಎಸ್‌ಎಕ್ಸ್4ಗಳದ್ದು ಬೇರೆ ಬಗೆಯ ಟರ್ಬೋ ಇರುವ 90 ಪಿಎಸ್‌ನದ್ದು. ಡೀಸೆಲ್ ಇಂಜೆಕ್ಟರ್ ಬದಲಾದರೆ ಅದರ ಮೈಮೇಲಿನ ಕೋಡನ್ನು ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುಗೆ ಸ್ಕ್ಯಾನರಿನಿಂದ ತುಂಬಬೇಕು; ತುಂಬದಿದ್ದರೆ ಐಡಲ್‌ನಲ್ಲಿ ನಡುಕ, ಕಪ್ಪು ಹೊಗೆ.

ಇನ್ನು ಕಾಗದ. ಬ್ಲಾಕ್ ಬದಲಾದರೆ ಎಂಜಿನ್ ನಂಬರ್ ಬದಲಾಗುತ್ತದೆ, ಅದನ್ನು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಂತೆ ಆರ್‌ಟಿಒದಲ್ಲಿ ಆರ್‌ಸಿಗೆ ಏರಿಸಬೇಕು. ಬಿಲ್ಲಿಲ್ಲದ, ಮೂಲ ಗೊತ್ತಿಲ್ಲದ ಎಂಜಿನ್ ಕದ್ದ ಕಾರಿನದ್ದಾಗಿದ್ದರೆ ಉತ್ತರ ಕೊಡಬೇಕಾದವರು ನೀವು. ಆರ್‌ಸಿಯ ನಂಬರಿಗೂ ಬ್ಲಾಕಿನ ನಂಬರಿಗೂ ತಾಳೆಯಾಗದ ಕಾರಿಗೆ ಮುಂದೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಸಿಗುವುದಿಲ್ಲ, ವಿಮೆಯ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ, ಕೊಳ್ಳುವವರೂ ಹಿಂದೆ ಸರಿಯುತ್ತಾರೆ.

ಲೆಕ್ಕ ಎಲ್ಲಿ ತಪ್ಪುತ್ತದೆ

"ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಮಾರಿಬಿಡಿ" ಎಂಬ ಸೂತ್ರ ಎಲ್ಲರ ಬಾಯಲ್ಲಿದೆ. ಅದು ತಪ್ಪು ಹೋಲಿಕೆ. ಕಾರು ಮಾರಿದ ಮೇಲೂ ನೀವು ಓಡಾಡಬೇಕಲ್ಲ? ಆ ಓಡಾಟಕ್ಕೆ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂಬುದರ ಜೊತೆ ರಿಪೇರಿಯನ್ನು ತೂಗಬೇಕು.

2012ರ ಡೀಸೆಲ್ ಸ್ವಿಫ್ಟ್ ಒಂದನ್ನು ಇಟ್ಟುಕೊಳ್ಳೋಣ. ಅಂಕಿಗಳು ಬರೀ ಉದಾಹರಣೆಗೆ. ನಿಮ್ಮ ಕೊಟೇಶನ್ ನೋಡಿ ಬದಲಿಸಿಕೊಳ್ಳಿ. ಎಂಜಿನ್ ಕೆಲಸ ₹90,000. ಅದರ ಜೊತೆ ಹೇಗೂ ಮಾಡಿಸಲೇಬೇಕಾದ ಕ್ಲಚ್, ಮುಂದಿನ ಸಸ್ಪೆನ್ಷನ್, ಟೈರ್ ₹44,000. ನಿಂತ ಸ್ಥಿತಿಯಲ್ಲೇ ಮಾರಿದರೆ ₹60,000 ಸಿಗುತ್ತದೆ; ಮಾರದೆ ಇಟ್ಟುಕೊಂಡರೆ ಅದೂ ನಿಮ್ಮ ಖರ್ಚೇ. ಒಟ್ಟು ₹1,94,000. ನಾಲ್ಕು ವರ್ಷ ಓಡಿ ಕೊನೆಗೆ ₹1,00,000ಕ್ಕೆ ಹೋದರೆ ನಿವ್ವಳ ₹94,000, ಅಂದರೆ ವರ್ಷಕ್ಕೆ ₹23,500. ಹಳೇ ಕಾರು ಬೇಡುವ ಸಣ್ಣಪುಟ್ಟ ರಿಪೇರಿಗೆ ವರ್ಷಕ್ಕೆ ₹25,000 ಸೇರಿಸಿ: ₹48,500.

ಬದಲಿಗೆ ₹4,50,000ಕ್ಕೆ ಆರೇಳು ವರ್ಷದ ಸೆಕೆಂಡ್ ಹ್ಯಾಂಡ್ ಕಾರು ತಂದು, ತಂದ ಕೂಡಲೇ ₹20,000 ಖರ್ಚು ಮಾಡಿ, ನಾಲ್ಕು ವರ್ಷದ ನಂತರ ₹2,50,000ಕ್ಕೆ ಮಾರಿದರೆ ವರ್ಷಕ್ಕೆ ₹55,000. ರಿಪೇರಿಗೆ ₹12,000 ಸೇರಿಸಿದರೆ ₹67,000. ಹೊಸ ಕಾರು ಆನ್‌ರೋಡ್ ₹8,00,000 ಬಿದ್ದು ನಾಲ್ಕು ವರ್ಷಕ್ಕೆ ₹4,80,000 ಉಳಿದರೆ ಸವಕಳಿಯೇ ವರ್ಷಕ್ಕೆ ₹80,000. ₹6,00,000 ಸಾಲವಿದ್ದರೆ ಬಡ್ಡಿ ಇನ್ನೊಂದು ₹35,000.

ರಿಪೇರಿ ಗೆದ್ದಂತೆ ಕಾಣುತ್ತದೆ. ಈಗ ಅದೇ ಲೆಕ್ಕದಲ್ಲಿ ವರ್ಷಗಳನ್ನು ಕತ್ತರಿಸಿ ನೋಡಿ. ರಿಪೇರಿಯಾದ ಸ್ವಿಫ್ಟ್ ಮೂರು ವರ್ಷ ಓಡಿ ₹90,000ಕ್ಕೆ ಹೋದರೆ ವರ್ಷಕ್ಕೆ ಸುಮಾರು ₹60,000, ಇನ್ನೂ ಲಾಭವೇ. ಎರಡೇ ವರ್ಷಕ್ಕೆ ನಿಂತು ₹80,000ಕ್ಕೆ ಹೋದರೆ ₹82,000. ಸೋತಿರಿ. ಕೊಟೇಶನ್ ಅದೇ, ಎಂಜಿನ್ ಅದೇ, ಬದಲಾದದ್ದು ಉಳಿದ ಕಾರಿನ ಆಯಸ್ಸು. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ 'ಎಂಜಿನ್‌ಗೆ ಎಷ್ಟಾಗುತ್ತದೆ' ಎಂಬುದಕ್ಕಿಂತ 'ಉಳಿದದ್ದು ಮೂರು ವರ್ಷ ಬರುತ್ತದೆಯೇ' ಎಂಬುದು.

ಉಳಿದ ಕಾರನ್ನು ಲಿಫ್ಟ್ ಮೇಲೆ ಹತ್ತಿಸಿ

ಎಂಜಿನ್ ಬಿಚ್ಚಲು ಒಪ್ಪಿಗೆ ಕೊಡುವ ಮುಂಚೆಯೇ ಇದನ್ನು ಮಾಡಿಸಿ. ತುಕ್ಕು ಮೊದಲು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಹತ್ತು ವರ್ಷ ನಿಂತ ಕಾರಿಗೂ ಚಿತ್ರದುರ್ಗದಲ್ಲಿ ನಿಂತ ಕಾರಿಗೂ ಹೋಲಿಕೆಯೇ ಇಲ್ಲ. ಬಾಗಿಲಿನ ಕೆಳಗಿನ ಪಟ್ಟಿ, ಮ್ಯಾಟ್ ಎತ್ತಿದಾಗ ಕಾಣುವ ನೆಲ, ಬಾನೆಟ್ ಒಳಗೆ ಸ್ಟ್ರಟ್ ಕೂರುವ ಗೋಪುರ, ಹಿಂದಿನ ಸಸ್ಪೆನ್ಷನ್ ಕಚ್ಚಿದ ಜಾಗ ಇಷ್ಟನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಬೇಕು. ಬಾಗಿಲಿನ ಅಂಚು ತೂತಾದರೆ ಟಿಂಕರಿಂಗ್ ಸಾಕು. ಸ್ಟ್ರಟ್ ಗೋಪುರ ಕೊಳೆತಿದ್ದರೆ ಆ ಕಾರಿಗೆ ಎಂಜಿನ್ ಹಾಕಿಸಬೇಡಿ, ಎಷ್ಟೇ ಪ್ರೀತಿಯಿದ್ದರೂ.

ಗೇರ್‌ಬಾಕ್ಸ್ ಎರಡನೇ ಗೇರಿಗೆ ಬೀಳುವಾಗ ಕೆರೆಯುತ್ತಿತ್ತೇ, ಸ್ಟೀರಿಂಗ್ ರ‍್ಯಾಕ್ ಸೋರುತ್ತಿದೆಯೇ, ಎಸಿ ಗ್ಯಾಸ್ ವರ್ಷಕ್ಕೆರಡು ಸಲ ಹಾಕಿಸುತ್ತಿದ್ದಿರೇ, ಇಲಿ ವೈರಿಂಗ್ ಕಡಿದಿದೆಯೇ ಎಂಬುದು ನಿಮಗೇ ನೆನಪಿರುತ್ತದೆ, ಬರೆದು ಕೂಡಿಸಿ. ಬಿಡಿಭಾಗ ಸಿಗುತ್ತದೆಯೇ ಎಂಬುದೂ ಆಯಸ್ಸಿನ ಪ್ರಶ್ನೆಯೇ. ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿದರೂ ಆ ಎಂಜಿನ್‌ನ ಸಾಮಾನು ಊರೂರಲ್ಲಿದೆ. ಶೆವರ್ಲೆ ಇಲ್ಲಿನ ಮಾರಾಟ ನಿಲ್ಲಿಸಿದ್ದು 2017ರಲ್ಲಿ; ಅಂಥ ಕಾರಿಗೆ ಎಂಜಿನ್ ಸಿಕ್ಕರೂ ಮುಂದೆ ಒಂದು ಹೆಡ್‌ಲೈಟಿಗಾಗಿ ವಾರಗಟ್ಟಲೆ ಕಾಯಬೇಕಾಗಬಹುದು.

ಸುರಕ್ಷತೆಯ ಮಾತೂ ಇದೆ. ಎಬಿಎಸ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ಜುಲೈಯಿಂದ. ಅದಕ್ಕೂ ಹಿಂದಿನ ಬೇಸ್ ಮಾಡೆಲ್‌ಗಳಲ್ಲಿ ಎರಡೂ ಇಲ್ಲದಿರುವುದೇ ಹೆಚ್ಚು. ವಾರಕ್ಕೆರಡು ಸಲ ಹೆದ್ದಾರಿ ಹತ್ತುವ ಮನೆಯಾದರೆ ಲೆಕ್ಕ ರಿಪೇರಿಯ ಕಡೆ ವಾಲಿದರೂ ನಮ್ಮ ಮತ ಬದಲಾಯಿಸುವ ಕಡೆಗೆ. ಊರೊಳಗೆ ತರಕಾರಿಗೆ, ಶಾಲೆಗೆ ಓಡುವ ಕಾರಾದರೆ ಆ ಮಾತು ಅಷ್ಟು ಗಟ್ಟಿಯಲ್ಲ.

ಸರ್ಕಾರದ ಲೆಕ್ಕ

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಪರೀಕ್ಷೆ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ, ಜೊತೆಗೆ ಹಸಿರು ತೆರಿಗೆ. ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ ₹600ರಿಂದ ₹5,000ಕ್ಕೆ ಏರಿತು. 2012ರ ಕಾರಿಗೆ 2027ರಲ್ಲಿ ಈ ಸರದಿ. ಎಂಜಿನ್ ಕೆಲಸವಾದ ಕಾರು ಹೊಗೆ ಪರೀಕ್ಷೆಯಲ್ಲಿ ಸುಲಭಕ್ಕೆ ದಾಟುತ್ತದೆ. ಎಡವುವುದು ತುಕ್ಕು, ಬ್ರೇಕ್, ದೀಪಗಳಲ್ಲಿ.

ಹೊಸ ಕಾರಿನ ಕಡೆ ಕರ್ನಾಟಕದವರಿಗೆ ಹೊರೆ ಹೆಚ್ಚು. ಜೀವಾವಧಿ ತೆರಿಗೆ ₹5 ಲಕ್ಷದವರೆಗೆ 13%, ₹10 ಲಕ್ಷದವರೆಗೆ 14%, ಅದರಾಚೆ 17%, ₹20 ಲಕ್ಷ ದಾಟಿದರೆ 18%. ಇದರ ಮೇಲೆ ಸೆಸ್. ₹7 ಲಕ್ಷದ ಕಾರಿಗೆ ತೆರಿಗೆಯೇ ₹98,000, ಒಂದು ಎಂಜಿನ್ ಕೆಲಸದಷ್ಟು. ಇನ್ನೊಂದು ಕಡೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಜಾರುತ್ತದೆ; ಅದಕ್ಕೂ ಹಿಂದಿನ ಮಾರಾಟದ ದರ ನೋಡಿ ನಿಮ್ಮ ಕಾರಿಗೆ ಬೆಲೆ ಕಟ್ಟಬೇಡಿ.

ವಿಮೆಯಿಂದ ಹೆಚ್ಚು ನಿರೀಕ್ಷೆ ಬೇಡ. ಸವೆದು ಅಥವಾ ಚೈನ್ ಹರಿದು ಎಂಜಿನ್ ಹೋದರೆ ಸಾಮಾನ್ಯ ಪಾಲಿಸಿಯಲ್ಲಿ ಏನೂ ಇಲ್ಲ. ನೀರು ನುಗ್ಗಿ ಹೋದದ್ದಕ್ಕೆ 'ಎಂಜಿನ್ ಪ್ರೊಟೆಕ್ಟ್' ಸೇರಿಸಿಕೊಂಡಿರಬೇಕು.

ಕೊನೆಗೆ ಬಿಡುವುದು ಎಂದೇ ಆದರೆ, ಗುಜರಿಯವನಿಗೆ ದುಡ್ಡು ಎಣಿಸಿಕೊಂಡು ಕೀ ಕೊಟ್ಟರೆ ಮುಗಿಯಲಿಲ್ಲ. ಆರ್‌ಸಿ ನಿಮ್ಮ ಹೆಸರಲ್ಲಿರುವ ತನಕ ಆ ಚಾಸಿಯ ಮೇಲೆ ಬರುವ ಕೇಸೂ ನಿಮ್ಮದೇ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ, ಕಾರನ್ನು ಒಪ್ಪಿಸಿದ್ದಕ್ಕೆ ಸಾಕ್ಷಿಯಾಗಿ ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ಸಿಗುತ್ತದೆ. ಅದನ್ನು ತೋರಿಸಿದರೆ ಹೊಸ ವಾಹನದ ನೋಂದಣಿ ಶುಲ್ಕ ಮನ್ನಾ, ಕೇಂದ್ರದ ನಿಯಮದಂತೆ ಖಾಸಗಿ ಕಾರಿನ ತೆರಿಗೆಯಲ್ಲಿ 25%ವರೆಗೆ ರಿಯಾಯಿತಿಗೆ ಅವಕಾಶ. ಓಡುವ ಸ್ಥಿತಿಗೆ ತರಬಲ್ಲ ಕಾರನ್ನು ಮಾತ್ರ ಸ್ಕ್ರ್ಯಾಪಿಗೆ ಕೊಡುವ ಮುಂಚೆ ಎರಡು ಮೂರು ಗ್ಯಾರೇಜಿನವರಿಗೆ ತೋರಿಸಿ. ಎಂಜಿನ್ ಕೆಲಸ ತಮ್ಮ ಕೈಯಲ್ಲೇ ಇರುವವರು ಸ್ಕ್ರ್ಯಾಪ್ ದರಕ್ಕಿಂತ ಹೆಚ್ಚು ಕೊಟ್ಟು ಒಯ್ಯುತ್ತಾರೆ. ಮಾರಿದ ಮೇಲೆ ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ತೆಗೆದುಕೊಳ್ಳಲು ಮರೆಯಬೇಡಿ. ಅದು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಮುಂದಿನ ಕಾರಿನ ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಯ) ಪ್ರೀಮಿಯಂನಲ್ಲಿ 50%ವರೆಗೆ ಉಳಿಸುತ್ತದೆ.

ಮಾಡಿಸುವುದು ಎಂದಾದರೆ

ಕೊಟೇಶನ್ ಬಾಯಿಮಾತಲ್ಲಿ ಬೇಡ. ಯಾವ ಭಾಗ, ಯಾವ ಕಂಪನಿಯದ್ದು, ಲೇತ್ ಕೆಲಸ ಎಷ್ಟು, ಕೂಲಿ ಎಷ್ಟು ಎಂದು ಬೇರೆ ಬೇರೆ ಬರೆಸಿ. ಹೊಸ ಹೆಡ್ ಬೋಲ್ಟ್ ಪಟ್ಟಿಯಲ್ಲಿದೆಯೇ ನೋಡಿ. ಟಾರ್ಕ್ ಕೊಟ್ಟ ಮೇಲೆ ಕೋನ ಅಳೆದು ಬಿಗಿಯುವ ಬೋಲ್ಟುಗಳು ಎಳೆದುಕೊಂಡಿರುತ್ತವೆ, ಅವನ್ನು ಮರುಬಳಸಿದರೆ ಗ್ಯಾಸ್ಕೆಟ್ ಹಿಡಿಯುವುದಿಲ್ಲ. ರೇಡಿಯೇಟರ್ ಸ್ವಚ್ಛತೆ, ಥರ್ಮೋಸ್ಟಾಟ್, ವಾಟರ್ ಪಂಪ್, ಎಂಜಿನ್ ಮೌಂಟ್, ಕ್ಲಚ್ ಇದೇ ಸಲ ಆಗಲಿ, ಏಕೆಂದರೆ ಮತ್ತೆ ಬಿಚ್ಚುವ ಕೂಲಿಯೇ ಅವುಗಳ ಬೆಲೆಗಿಂತ ಹೆಚ್ಚು. ಈಗ ಬಂಕ್‌ಗಳಲ್ಲಿ ಸಿಗುವ 20% ಎಥೆನಾಲ್ ಪೆಟ್ರೋಲಿಗಾಗಿ ತಯಾರಾಗದ ಹಳೇ ಪೆಟ್ರೋಲ್ ಕಾರಾದರೆ ಇಂಧನದ ರಬ್ಬರ್ ಪೈಪು, ಓ-ರಿಂಗ್‌ಗಳನ್ನೂ ಈಗಲೇ ಬದಲಿಸಿ. ತೆಗೆದ ಹಳೇ ಭಾಗಗಳನ್ನು ಕೇಳಿ ಪಡೆಯಿರಿ. ಬೋರ್ ಮತ್ತು ಕ್ರ್ಯಾಂಕಿನ ಅಳತೆಯ ಚೀಟಿ ಲೇತ್‌ನವರಿಂದ ಬರಬೇಕು. ಅಳತೆ ಇಲ್ಲ ಎಂದರೆ ಅಳೆದೇ ಇಲ್ಲ ಎಂದು ತಿಳಿಯಿರಿ.

ಕಾರು ಕೈಗೆ ಬಂದ ಮೇಲೆ ಮೊದಲ ಸಾವಿರ ಕಿಲೋಮೀಟರ್ ಸುಮಾರು 3,000 ಆರ್‌ಪಿಎಂ ದಾಟಿಸದೆ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸದೆ, ಮೇಲೇರಿಸಿ ಇಳಿಸುತ್ತಾ ಸಾಗಬೇಕು. ರಿಂಗ್‌ಗಳು ಬೋರಿಗೆ ಹೊಂದಿಕೊಳ್ಳುವುದು ಆಗಲೇ. ದಿನಾ ಬೆಳಿಗ್ಗೆ ಡಿಪ್‌ಸ್ಟಿಕ್ ಮತ್ತು ಕೂಲೆಂಟ್ ಮಟ್ಟ ನೋಡಿ. ಸಾವಿರಕ್ಕೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸೋಸಿ. ತೆಳ್ಳನೆಯ ಬೂದು ಮಸಿ ಸಹಜ. ಬೆರಳಿಗೆ ತಾಗುವ ಚೂರು ಸಿಕ್ಕರೆ ಅಂದೇ ಕಾರನ್ನು ಎಂಜಿನ್ ಕಟ್ಟಿದವರ ಗ್ಯಾರೇಜಿಗೆ ಟೋ ಮಾಡಿಸಿ, ಓಡಿಸಿಕೊಂಡು ಹೋಗಬೇಡಿ.